‘ಮ್ಯಾಚ್’ ಶಬ್ದದ ಬಗ್ಗೆ ನಾನು ಮುಚ್ಚಿಟ್ಟದ್ದು

ಸರೋಜಾ ವೈನಿ ತಮ್ಮ ಒಬ್ಬಳೇ ಮಗಳ ಮದುವೆಯನ್ನು ಉಗ್ರಾಣದಲ್ಲಿ, ಬೆಲ್ಲದ ಡಬ್ಬಿಯ ಪಕ್ಕ, ಒಂದು ಸ್ಟೂಲಿನ ಮೇಲೆ ಕೂತು ಕಳೆದರು. ಅವರನ್ನು ಅಲ್ಲಿ ಕೂಡಿಸಿದವನು ನಾನು. ಕೈ ಹಿಡಿದು ಎಳೆದು ಕೂಡಿಸಲಿಲ್ಲ — ಅಷ್ಟು ಎದುರೆದುರೇ ಕೆಟ್ಟದ್ದು ಮಾಡುವ ಧೈರ್ಯ ನನಗೆ ಯಾವತ್ತೂ ಬಂದದ್ದಿಲ್ಲ. ಫೋನಿನಲ್ಲಿ ಒಂದು ಮಾತು ಆಡಿದೆ, ಅಷ್ಟೇ. ಅತ್ಯಂತ ಮರ್ಯಾದೆಯ ಮಾತು.

ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಪ್ರತಿ ವರ್ಷ ಒಂದು ಇಂಗ್ಲಿಷ್ ಶಬ್ದದ ಜನ್ಮ, ಕುಲ, ಗೋತ್ರ, ಮುಂದಿನ ಏಳುಬೀಳು ಇತ್ಯಾದಿಗಳ ಬಗ್ಗೆ ನಾನು ಬರೆಯುತ್ತ ಬಂದಿದ್ದೇನೆ. ಓದುಗರು ಅದನ್ನು ಸಹಿಸುತ್ತ ಬಂದಿದ್ದಾರೆ. ಈ ವರ್ಷದ ಶಬ್ದ ‘ಮ್ಯಾಚ್’. ಹಿಂದೊಮ್ಮೆ ನಾಸಿಕದ ನಮ್ಮ ಸಂಘದ ಹಾಲಿನಲ್ಲಿ ಇದೇ ಶಬ್ದದ ಮೇಲೆ ನಾನು ಮಾತಾಡಿದ್ದು, ನಿಮ್ಮಲ್ಲಿ ಅನೇಕರು ಚಪ್ಪಾಳೆ ತಟ್ಟಿದ್ದು ನೆನಪಿರಬಹುದು. ಆ ಚಪ್ಪಾಳೆಯನ್ನು ಈಗ ವಾಪಸು ಪಡೆಯಬೇಕೆಂದು ವಿನಂತಿ. ಅಂದು ನಾನು ಹೇಳಿದ್ದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳಿದ್ದು.

ಆದರೆ ಶಬ್ದದ ಬಗ್ಗೆ ಹೇಳಿದ ಸುಳ್ಳು ಯಾರನ್ನೂ ಉಗ್ರಾಣದಲ್ಲಿ ಕೂಡಿಸುವುದಿಲ್ಲ. ಅದಕ್ಕೆ ಇನ್ನೂ ಏನೋ ಬೇಕು. ಆ ‘ಇನ್ನೂ ಏನೋ’ ನನ್ನಲ್ಲಿತ್ತು.

ನನ್ನನ್ನು ಅರಿಯದವರಿಗಾಗಿ ಎರಡು ಮಾತು. ನಾನು ಧಾರವಾಡದವನು. ಬ್ಯಾಂಕು ನನ್ನನ್ನು ಕೆಲ ವರ್ಷದ ಮಟ್ಟಿಗೆ ನಾಸಿಕಕ್ಕೆ ವರ್ಗ ಮಾಡಿತು. ದ್ರಾಕ್ಷಿ ಚೆನ್ನಾಗಿದ್ದವು, ಉಳಿದುಬಿಟ್ಟೆ. ಅದೇ ಬ್ಯಾಂಕಿನಲ್ಲಿ ವಿಜಯಪುರದ ವಸಂತರಾಯನಿದ್ದ. ನನಗಿಂತ ಚಿಕ್ಕವನು, ಗೆಳೆಯ. ಮಗಳು ವಸುಧಾ ಕಾಲೇಜಿನಲ್ಲೂ ಮಗ ಪ್ರಸನ್ನ ಇನ್ನೂ ಸಾಲೆಯಲ್ಲೂ ಇದ್ದಾಗ ತೀರಿಕೊಂಡ. ಅವನ ಹೆಂಡತಿಯೇ ಸರೋಜಾ ವೈನಿ; ಚಿಕ್ಕವನ ಹೆಂಡತಿಯಾದರೂ ಮರ್ಯಾದೆಗೆ ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದೆ. ಅವರು ಊರಿಗೆ ಮರಳಲಿಲ್ಲ. ಹಳೆಯ ನಾಸಿಕದ ಒಂದು ಗಲ್ಲಿಯಲ್ಲಿ ಮ್ಯಾಚಿಂಗ್ ಸೆಂಟರ್ ತೆರೆದರು.

ಈ ಅಂಗಡಿಗಳನ್ನು ನೀವು ನೋಡಿದ್ದೀರಿ. ಸೀರೆ ಇರುವುದಿಲ್ಲ, ಸೀರೆಗೆ ಹೊಂದುವ ಬ್ಲೌಸ್ ಪೀಸು, ಫಾಲು, ಅಸ್ತರು ಮಾತ್ರ. ಹಸಿರಿನಲ್ಲೇ ಒಂದು ಗೋಡೆಯ ತುಂಬ ಹಸಿರು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಹಸಿರೂ ಅಕ್ಕ-ತಂಗಿಯರಂತೆ ಕಾಣುತ್ತವೆ. ಆದ್ದರಿಂದ ವೈನಿ ಗಿರಾಕಿಯ ಸೀರೆಯ ಸೆರಗನ್ನೂ ತಮ್ಮ ಪೀಸನ್ನೂ ಎತ್ತಿಕೊಂಡು, ಗಿರಾಕಿಯನ್ನೂ ಕರೆದುಕೊಂಡು, ಮೆಟ್ಟಿಲಿಳಿದು ಬಿಸಿಲಿಗೆ ಹೋಗುತ್ತಿದ್ದರು. ಅಲ್ಲಿ ಹೊಂದಿದರೆ ಹೊಂದಿದಂತೆ. ಹೊಂದದಿದ್ದರೆ, “ಬ್ಯಾಡ ತಾಯಿ, ಇನ್ನೊಂದು ತಗಿತೀನಿ” ಎಂದು ಒಳಗೆ ಬರುತ್ತಿದ್ದರು. ಒಪ್ಪಿಕೊಂಡು ನಿಂತ ಗಿರಾಕಿಯನ್ನೂ ಹೀಗೆ ಬಿಸಿಲಿಗೆ ಎಳೆಯುವ ವ್ಯಾಪಾರಿಯನ್ನು ನಾನು ಬೇರೆಲ್ಲೂ ಕಾಣೆ.

ಇನ್ನು ನನ್ನ ‘ಶಬ್ದಸಂಜೆ’. ತಿಂಗಳಿಗೊಮ್ಮೆ ಸಂಘದ ಹಾಲಿನಲ್ಲಿ ಒಂದು ಇಂಗ್ಲಿಷ್ ಶಬ್ದವನ್ನು ಹಿಡಿದು ಕನ್ನಡದಲ್ಲಿ ವಿಚಾರಣೆ ನಡೆಸುತ್ತಿದ್ದೆ. ನನ್ನಂಥ ನಿವೃತ್ತರು, ಗಲ್ಲೆಯನ್ನು ತಮ್ಮಂದಿರಿಗೆ ಒಪ್ಪಿಸಿ ಬಂದ ಕರಾವಳಿಯ ಹೋಟೆಲಿನವರು, ಕೊನೆಯಲ್ಲಿ ಕೊಡುವ ಅವಲಕ್ಕಿಗಾಗಿ ಬಂದು ಅದಕ್ಕೆ ಮೊದಲಿನದನ್ನು ತಾಳಿಕೊಳ್ಳುವ ಸಜ್ಜನರು — ಇದು ನನ್ನ ಸಭೆ. ಮಂದಿ ನನ್ನನ್ನು ‘ಶಬ್ದದ ರಾಯರು’ ಎನ್ನುತ್ತಿದ್ದರು. ಆ ಬಿರುದು ನನಗೆ ಎಷ್ಟು ಹಿಡಿಸಿತ್ತೆಂದರೆ — ಇರಲಿ.

ಆ ಸಂಜೆಯ ಶಬ್ದ ‘ಮ್ಯಾಚ್’. ಪುಟ್ಟ ಶಬ್ದ, ಎಲ್ಲ ಮನೆಗಳಲ್ಲೂ ಓಡಾಡುವಂಥದು. ಮೈದಾನದಲ್ಲಿ ಆಡುವುದು ಮ್ಯಾಚು. ಜಾತಕ ಕೂಡಿದರೆ ಮ್ಯಾಚು. ಆಸ್ಪತ್ರೆಯಲ್ಲಿ ರಕ್ತ ಹೊಂದಿದರೆ ಮ್ಯಾಚು, ನಮ್ಮ ನಾಸಿಕದ ಸಾತಪುರದ ಕಾರ್ಖಾನೆಯಲ್ಲಿ ಒಂದು ಕಬ್ಬಿಣದ ತುಂಡು ಇನ್ನೊಂದರೊಳಗೆ ಸರಿಯಾಗಿ ಕೂತರೂ ಮ್ಯಾಚೇ. ದೇವರ ದೀಪಕ್ಕೂ ಬೀಡಿಗೂ ಭೇದವಿಲ್ಲದೆ ಹಚ್ಚುವ ಕಡ್ಡಿಯೂ ಮ್ಯಾಚು. ಇವೆಲ್ಲ ಒಂದೇ ತಾಯಿಯ ಮಕ್ಕಳೇ?

ಅಲ್ಲ. ನಿಜ ಏನೆಂದು ಈಗ ಬರೆಯುತ್ತೇನೆ, ತಡವಾಗಿ. ಆಟ, ಜೋಡಿ, ಹೊಂದಾಣಿಕೆ — ಇವು ಒಂದು ಮನೆತನ. ಹಳೆಯ ಇಂಗ್ಲಿಷಿನಲ್ಲಿ ಜೊತೆಗಾರ, ಸರಿಸಮ, ಗಂಡ ಅಥವಾ ಹೆಂಡತಿ ಎಂಬರ್ಥದ ಒಂದು ಶಬ್ದವಿತ್ತು. ಅದರ ಸಂತಾನ ಇವು. ಸರಿಸಮನಾದವನು ಜೊತೆಗೆ ನಿಂತರೆ ಸಂಗಾತಿ, ಎದುರಿಗೆ ನಿಂತರೆ ಪಂದ್ಯ. ಬೆಂಕಿಕಡ್ಡಿಯ ಮನೆತನ ಪೂರ್ತಿ ಬೇರೆ. ಅದು ಹಳೆಯ ಫ್ರೆಂಚಿನ ‘ಬತ್ತಿ’ಯಿಂದ ಬಂದದ್ದು, ಮೊದಮೊದಲು ದೀಪದಲ್ಲಿತ್ತು, ಆಮೇಲೆ ತೋಪು ಹಾರಿಸಲು ಹೋಯಿತು, ಕಡೆಗೆ ಪೆಟ್ಟಿಗೆ ಸೇರಿತು. ಇನ್ನೂ ಹಿಂದಕ್ಕೆ ಹೋದರೆ ಗ್ರೀಕಿನಲ್ಲಿ ಸಿಂಬಳ ಎಂಬರ್ಥದ ಶಬ್ದವೊಂದು ಸಿಗುತ್ತದೆ — ದೀಪದ ಮೂಗಿನಿಂದ ಬತ್ತಿ ಇಳಿಬಿದ್ದಿರುವುದನ್ನು ನೋಡಿ ಹಾಗೆಂದಿರಬಹುದು ಎನ್ನುತ್ತಾರೆ. ಇರಬಹುದು ಅಷ್ಟೇ. ಖಾತ್ರಿಯಿಲ್ಲ.

ನನ್ನ ದಪ್ಪ ನಿಘಂಟಿನಲ್ಲಿ ಈ ಎರಡೂ ಮನೆತನಗಳು ಒಂದರ ಕೆಳಗೊಂದು, ಬೇರೆ ಬೇರೆಯಾಗಿ ಇದ್ದವು. ಓದಿದ್ದೆ. ಆದರೆ ಸಭೆಯಲ್ಲಿ ಹೇಳಿದ್ದೇ ಬೇರೆ. ಬೆಂಕಿಕಡ್ಡಿಯೂ ದಂಪತಿಗಳೂ ಒಂದೇ ಮೂಲದಿಂದ ಬಂದವೆಂದೆ. ಕಡ್ಡಿಯೊಂದೇ ಉರಿಯದು, ಪೆಟ್ಟಿಗೆಯ ಬದಿಯೊಂದೇ ಉರಿಯದು, ಎರಡೂ ತಿಕ್ಕಾಡಿದಾಗಲೇ ಮನೆಯಲ್ಲಿ ಬೆಳಕು; ಇದನ್ನರಿತೇ ಹಿರಿಯರು ಎರಡಕ್ಕೂ ಒಂದೇ ಹೆಸರಿಟ್ಟರು — ಎಂದೆ. ಯಾವ ಹಿರಿಯರೋ. ಸಭೆ ಗದ್ಗದವಾಯಿತು. ಹೋಟೆಲಿನ ಭಟ್ಟರೊಬ್ಬರು ಕಣ್ಣೊರೆಸಿಕೊಂಡರು. ಈರುಳ್ಳಿ ಹೆಚ್ಚಿ ಬಂದಿದ್ದರೋ ಏನೋ, ನಾನಂತೂ ಅದನ್ನು ನನ್ನ ಖಾತೆಗೇ ಜಮಾ ಮಾಡಿಕೊಂಡೆ.

ಆಗ ವಸುಧಾ ಎದ್ದು ನಿಂತಳು. ಅಷ್ಟರಲ್ಲಿ ಅವಳಿಗೆ ಸಾತಪುರದ ಒಂದು ಕಾರ್ಖಾನೆಯಲ್ಲಿ ಮಾಲು ತಪಾಸಣೆಯ ಕೆಲಸ ಸಿಕ್ಕಿತ್ತು. ನಾಸಿಕದಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ಎರಡು ಹೆಜ್ಜೆ ಇಟ್ಟು ಮರಾಠಿಯ ಭುಜ ಹಿಡಿಯುತ್ತಿತ್ತು. ತಾಯಿಯ ಅಂಗಡಿಯ ಬೋರ್ಡಿನ ಮೇಲಿದ್ದ ಶಬ್ದವೆಂದು ಕಾಲೇಜಿನಲ್ಲಿದ್ದಾಗಲೇ ಅದರ ಬೆನ್ನು ಹತ್ತಿದ್ದಳಂತೆ. ಇದು ನನಗೆ ಆಮೇಲೆ ತಿಳಿದದ್ದು.

“ಕಾಕಾ, ಸಾರಿ ಹಾಂ... ಪಣ ಆ ಎರಡೂ ಒಂದ ಶಬ್ದ ಅಲ್ಲ. ವೇಗಳೆ ಅದಾವ. ಕಡ್ಡಿದು ಫ್ರೆಂಚಿಂದ ಬಂದದ, ಬತ್ತಿ ಅಂತ. ಆಣಿ ಅದರ ಮಾಗೆ ಗ್ರೀಕ್‌ದಾಗ...” ಶಬ್ದ ಸಿಗಲಿಲ್ಲ. ಮೂಗಿಗೆ ಬೆರಳು ಹಚ್ಚಿ ತೋರಿಸಿದಳು. “ಹೇ... ಶೇಂಬೂಡ್.”

ಹಿಂದಿನ ಸಾಲಿನಿಂದ ಸರೋಜಾ ವೈನಿ ಮೆಲ್ಲಗೆ, ಮಗಳ ನೆರವಿಗೆ, ಸ್ವಲ್ಪ ಹೆಮ್ಮೆಯಿಂದಲೇ ಅಂದರು: “ಸಿಂಬಳ.”

ಸಭೆ ನಕ್ಕಿತು. ನನ್ನನ್ನು ನೋಡಿ ನಕ್ಕಿತು ಅನಿಸಿತು. ದಾಂಪತ್ಯದ ದೀಪ ಹಚ್ಚಿ ನಿಂತವನ ಕೈಗೆ ಸಿಂಬಳ ಕೊಟ್ಟಂತಾಗಿತ್ತು. ಅವಳು ಹೇಳಿದ್ದು ಅಕ್ಷರಶಃ ಸರಿ ಎಂದು ಆ ಹಾಲಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ, ಅವಳಿಗೆ ಮತ್ತು ನನಗೆ. “ಹೌದವ್ವಾ, ನೀ ಹೇಳಿದ್ದ ಖರೆ” ಎಂದಿದ್ದರೆ — ಅಂದಿದ್ದರೆ ಈ ಲೇಖನವಿರುತ್ತಿರಲಿಲ್ಲ. ನಾನು ಅಂದದ್ದು:

“ತಂಗಿ, ಮೊದಲ ಮೂಗು ಒರಸ್ಕೊಂಡು ಕನ್ನಡದಾಗ ಒಂದು ವಾಕ್ಯ ನೆಟ್ಟಗ ಹೇಳು. ಆಮ್ಯಾಲೆ ಇಬ್ಬರೂ ಕೂಡಿ ಗ್ರೀಕಿಗೆ ಹೋಗೂಣು.”

ಈಗ ಸಭೆ ಇನ್ನೂ ಜೋರಾಗಿ ನಕ್ಕಿತು. ವಸುಧಾ ಕೂತಳು. ಆ ಹಾಲಿನಲ್ಲಿ ಆಮೇಲೆ ಅವಳು ಕನ್ನಡದಲ್ಲಿ ಬಾಯಿ ಬಿಟ್ಟದ್ದನ್ನು ನಾನು ಕೇಳಿಲ್ಲ. ಇಲ್ಲಿಗೆ ಲೆಕ್ಕ ಚುಕ್ತಾ ಆಗಬೇಕಿತ್ತು. ನಗೆಯಲ್ಲಿ ನಾನೇ ಗೆದ್ದಿದ್ದೆ. ಆದರೆ ಸುಳ್ಳು ಹೇಳಿ ಗೆದ್ದವನಿಗೆ ಗೆದ್ದದ್ದು ಸಾಲುವುದಿಲ್ಲ ನೋಡಿ. ತನ್ನ ಸುಳ್ಳನ್ನು ಕಂಡವರು ಎದುರಿಗೆ ಓಡಾಡುತ್ತಿರುವವರೆಗೆ...

ಕೆಲ ವಾರಗಳ ಮೇಲೆ ಔರಂಗಾಬಾದಿನಿಂದ — ಈಗಿನ ಛತ್ರಪತಿ ಸಂಭಾಜಿನಗರದಿಂದ — ಗುಂಡೂರಾಯರು ಫೋನು ಮಾಡಿದರು. ಕೇಂದ್ರ ಸರಕಾರದ ನೌಕರಿಯ ಮೇಲೆ ಅಲ್ಲಿಗೆ ಬಂದು ನೆಲೆಸಿದ ವಿಜಯಪುರದ ಕಡೆಯವರು. ಅವರ ಮಗನಿಗೆ ವಸುಧಾಳನ್ನು ನೋಡಿಕೊಂಡು ಹೋಗಿದ್ದರು. ಹುಡುಗ-ಹುಡುಗಿ ಇಬ್ಬರೂ ಒಪ್ಪಿದ್ದರು.

ಪರವೂರಿನಲ್ಲಿ ನೆಲೆಸಿದ ನಮ್ಮ ಮಂದಿಯ ಒಂದು ಪದ್ಧತಿ ಹೇಳಬೇಕು. ಊರಿನಲ್ಲಾದರೆ ಹೆಣ್ಣಿನ ಮನೆಯ ಬಗ್ಗೆ ಕೇಳಲು ಓಣಿಗೆ ಹತ್ತು ಬಾಯಿ ಇರುತ್ತವೆ. ಇಲ್ಲಿ ಅಕ್ಕಪಕ್ಕದವರು ಮರಾಠಿಗರು; ನಮ್ಮ ಒಳಗಿನದು ಅವರಿಗೇನು ಗೊತ್ತು. ಆದ್ದರಿಂದ ನಮ್ಮವರಲ್ಲೇ ಹಿರಿಯನೊಬ್ಬನಿಗೆ ಫೋನು ಬರುತ್ತದೆ. ಅವನ ಮಾತೇ ಓಣಿಯ ಮಾತು. ಈ ವಿಚಾರಣೆಯಲ್ಲಿ ಯಾರೂ ಯಾರ ಬಗ್ಗೆಯೂ ಕೆಟ್ಟದ್ದನ್ನು ಹೇಳುವುದಿಲ್ಲ, ನಾವು ಸಭ್ಯರು. ಸಂಬಂಧ ಒಳ್ಳೆಯದಿದ್ದರೆ “ಕಣ್ಣು ಮುಚ್ಚಿಕೊಂಡು ಮಾಡಿಕೊಳ್ರಿ” ಎನ್ನುತ್ತೇವೆ. ಇಲ್ಲದಿದ್ದರೆ “ನೀವ ವಿಚಾರ ಮಾಡಿ ನೋಡ್ರಿ” ಎನ್ನುತ್ತೇವೆ. ಕೇಳಿದವರು ಥ್ಯಾಂಕ್ಸ್ ಹೇಳಿ ಫೋನು ಇಡುತ್ತಾರೆ. ಸಂಬಂಧ ಅಲ್ಲಿಗೆ ಮುಗಿಯಿತು. ಕಾರಣ ಕೇಳುವುದು ರೂಢಿಯಲ್ಲಿಲ್ಲ.

“ರಾಯರ, ಹುಡುಗಿ ಹೆಂಗರಿ? ನಿಮ್ಮ ಗೆಳ್ಯಾನ ಮಗಳಂತ. ನೀವ ಹೇಳಬೇಕು.”

ಬಾಗಿಲಲ್ಲಿ ನನ್ನ ಹೆಂಡತಿ ಸುಮತಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನು ತುಸು ತಡೆದೆ. ಆ ತಡೆದದ್ದೇ ಅರ್ಧ ಉತ್ತರವಾಗಿತ್ತು.

“ನಾ ಏನ್ ಹೇಳ್ಲಿರಿ,” ಅಂದೆ. “ನೀವ ವಿಚಾರ ಮಾಡಿ ನೋಡ್ರಿ.”

ಸುಮತಿಯ ಕೈ ನಿಂತಿತು. “ಯಾಕ್ರಿ ಹಂಗಂದ್ರಿ?”

“ನಿನಗ ತಿಳಿಯೂದಿಲ್ಲ,” ಅಂದೆ. ಅವಳು ಮತ್ತೆ ಕೇಳಲಿಲ್ಲ.

ಯಾಕೆ ಹಾಗಂದೆ? ಆಮೇಲೆ ಎಷ್ಟೋ ಕಾರಣಗಳನ್ನು ಹೊಲಿದು ಹಾಕಿಕೊಂಡು ನೋಡಿದ್ದೇನೆ. ಅವರದು ಕೂಡುಕುಟುಂಬ, ಹುಡುಗಿಗೆ ಕಷ್ಟವಾದೀತು ಎಂದು... ಅವಳು ನೌಕರಿಯವಳು, ಅವರು ಬಿಡಿಸಿಯಾರು ಎಂದು... ಯಾವುದೂ ನನ್ನ ಮೈಗೆ ಹಿಡಿಯಲಿಲ್ಲ. ಕಾರಣ ಒಂದೇ. ಅವಳ ಮಾತು ಸರಿಯಿತ್ತು, ಮತ್ತು ಮಂದಿ ನಕ್ಕಿದ್ದರು.

ಗುಂಡೂರಾಯರು ವೈನಿಗೆ ಕಾರಣ ತಿಳಿಸಲಿಲ್ಲ. “ಈ ವರ್ಷ ಲಗ್ನ ಮಾಡೂದಿಲ್ಲ ಅಂದೇವಿ” ಎಂದಷ್ಟೇ ಹೇಳಿ ಕಳಿಸಿದರು. ಕಾರಣವಿಲ್ಲದ ಕಡೆ ಕಾರಣ ಹುಡುಕಿ ಕೊಡುವವರು ಎಲ್ಲ ಮನೆಯಲ್ಲೂ ಇರುತ್ತಾರೆ. ವಸಂತರಾಯನ ಅಕ್ಕ ಗಂಗಕ್ಕ ವಿಜಯಪುರದಿಂದಲೇ ಹುಡುಕಿದಳು. ಹೆಣ್ಣು ನೋಡಲು ಬಂದ ದಿನ ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲವಾದ್ದರಿಂದ ವೈನಿಯೇ ಉಪ್ಪಿಟ್ಟಿನ ತಾಟು ಹಿಡಿದು ಹೊರಗೆ ಬಂದಿದ್ದರು. ಗಂಡನಿಲ್ಲದವಳು ಹಾಗೆ ಎದುರಿಗೆ ಬರಬಾರದಾಗಿತ್ತು ಎಂದಳು ಗಂಗಕ್ಕ. ಬಳಗದವರೆಲ್ಲ ಹೂಂಗುಟ್ಟಿದರು.

ಇದನ್ನು ನನಗೆ ಹೇಳಿದವರು ಸ್ವತಃ ವೈನಿ. ಸಮಾಧಾನ ಹೇಳಲು ನಾನು ಅವರ ಅಂಗಡಿಗೆ ಹೋಗಿದ್ದೆ. ಹೌದು, ನಾನೇ, ಸಮಾಧಾನ ಹೇಳಲು.

“ನೀವ ಓದಿದವರು ರಾಯರ, ಖರೆ ಹೇಳ್ರಿ. ನನ್ನಿಂದನ ಆತೇನ್ರಿ ಇದು? ನಾ ಮುಂದ ಬರಬಾರದಿತ್ತೇನು?”

ಒಂದು ಮಾತಿನಲ್ಲಿ ಬಿಡಿಸಬಹುದಾಗಿತ್ತು. “ಛೆ, ಹಂಗೆಲ್ಲ ಏನಿಲ್ಲರಿ ವೈನಿ,” ಅಂದೆ. ಅಷ್ಟಕ್ಕೇ ನಿಂತಿದ್ದರೂ ಅರ್ಧ ನಿಜವಾಗುತ್ತಿತ್ತು. ಆದರೆ ನನಗೆ ಮಾತಿನ ಕೊನೆಗೆ ಒಂದು ಗೊಂಡೆ ಕಟ್ಟುವ ಚಟ. ಮುಖ ಗಂಭೀರ ಮಾಡಿ, “ಯಾವುದು ಯಾರಿಂದ ಆಗ್ತದೋ ದೇವರಿಗೇ ಗೊತ್ತು” ಎಂದು ಸೇರಿಸಿದೆ. ದೇವರಿಗೇಕೆ? ನನಗೇ ಗೊತ್ತಿತ್ತು. ವೈನಿ ತಲೆಯಾಡಿಸಿದರು. ಶುಭಕಾರ್ಯದಲ್ಲಿ ಇನ್ನು ಎದುರಿಗೆ ಬರಬಾರದೆಂದು ಅವರ ಮನಸ್ಸಿನಲ್ಲಿ ತೀರ್ಮಾನವಾದದ್ದು ಆಗಲೇ ಎಂದು ಕಾಣುತ್ತದೆ.

ಮುಂದೆ ವಸುಧಾಳಿಗೆ ಒಳ್ಳೆಯ ಸಂಬಂಧವೇ ಬಂತು. ಹುಡುಗ ಅದೇ ಸಂಭಾಜಿನಗರದಲ್ಲಿ ಎಂಜಿನಿಯರ್. ಅವಳ ಬಾಳು ಹಾಳಾಯಿತೆಂದು ನಾನು ಇಲ್ಲಿ ಅಳುತ್ತಿಲ್ಲ. ಅವಳ ಬಾಳನ್ನು ಹಾಳು ಮಾಡುವಷ್ಟು ನಾನು ದೊಡ್ಡವನಲ್ಲ. ಮದುವೆಯ ದಿನ ಎಲ್ಲರೂ ಮಂಟಪದ ಸುತ್ತ ನೆರೆದಾಗ, ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತ ನಾನು ಕಲ್ಯಾಣಮಂಟಪದ ಹಿಂದೆ ಹೋದೆ. ಉಗ್ರಾಣದ ಬಾಗಿಲು ಅರ್ಧ ತೆರೆದಿತ್ತು. ಒಳಗೆ ತೆಂಗಿನಕಾಯಿ ರಾಶಿ, ಬೆಲ್ಲದ ಡಬ್ಬಿ, ಒಂದು ಸ್ಟೂಲು, ಅದರ ಮೇಲೆ ಸರೋಜಾ ವೈನಿ. ಹೊರಗೆ ವಾದ್ಯ ಒಮ್ಮೆಲೆ ಜೋರಾಯಿತು — ತಾಳಿಯ ಹೊತ್ತು. ಅವರು ಸ್ಟೂಲಿನಿಂದ ಏಳಲಿಲ್ಲ. ಮಂಟಪ ಇದ್ದ ದಿಕ್ಕಿಗೆ, ಅಂದರೆ ಗೋಡೆಗೆ, ಕೈಮುಗಿದರು. ತಿರುಗಿದಾಗ ನನ್ನನ್ನು ಕಂಡರು.

“ಫಳಾರ ಆತೇನ್ರಿ ರಾಯರ?”

“ಆತ್ರಿ ವೈನಿ. ಶಿರಾ ಭಾಳ ಛಲೋ ಆಗಿತ್ತು.”

ಇದು ನಾನು ಆಡಿದ ಮಾತು. ಗೋಡೆಗೆ ಕೈಮುಗಿದ ತಾಯಿಯನ್ನು ನೋಡಿ, ಎಲ್ಲ ಗೊತ್ತಿದ್ದೂ, ಶಿರಾ ಚೆನ್ನಾಗಿತ್ತೆಂದೆ. ಫೋನಿನ ಮಾತಿಗಿಂತ ಇದೇ ನನ್ನನ್ನು ಹೆಚ್ಚು — ಆದರೆ ನನ್ನ ನೋವಿನ ವರದಿ ಯಾರಿಗೆ ಬೇಕು.

ಮಗಳ ಮದುವೆಯ ಮೇಲೆ ವೈನಿ ಅಂಗಡಿಯನ್ನೂ ಸಂಭಾಜಿನಗರಕ್ಕೆ, ಗುಲಮಂಡಿ ಪೇಟೆಯ ಹತ್ತಿರಕ್ಕೆ ಒಯ್ದರು. ನಾನು ಶಬ್ದಗಳನ್ನು ವಿಚಾರಿಸುತ್ತ ಇಲ್ಲೇ ಉಳಿದೆ. ವರ್ಷಗಳು ಹೋದವು.

ಈಚೆಗೆ ಪ್ರಸನ್ನ ಮನೆಗೆ ಬಂದ. ಸಾತಪುರದಲ್ಲೇ ಕೆಲಸ, ಪಾಳಿ ಮುಗಿಸಿ, ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಲಗ್ನಪತ್ರಿಕೆ ಕೊಡಲು ಬಂದಿದ್ದ. ಮದುವೆ ನಾಸಿಕದಲ್ಲೇ.

“ಕಾಕಾ, ಒಂದ ರಿಕ್ವೆಸ್ಟ್ ಅದ. ಅವ್ವಗ ನೀವ ಹೇಳ್ರಿ. ಅಕ್ಕನ ಲಗ್ನದಾಗ ಕೂತಂಗ ಈ ಸಲಾನೂ ಒಳಗ ಕೂಡ್ತೀನಿ ಅಂತಾಳ. ಹುಡುಗಿ ಮನಿಯವರು ಕೇಳ್ಲಿಕ್ಕತ್ತಾರ, ನಿಮ್ಮವ್ವಗ ಈ ಲಗ್ನ ಪಸಂದ ಇಲ್ಲೇನು ಅಂತ. ನಾ ಹೇಳಿದ್ರ ಐಕತ ನಾಹೀ. ನಿಮ್ಮ ಮಾತಂದ್ರ ಅಕಿಗೆ...”

“ಹೇಳ್ತೀನಿ ತೊಗೋ,” ಅಂದೆ, ಎಂದಿನ ಗಾಂಭೀರ್ಯದಿಂದ.

ಅವನು ಹೋದ ಮೇಲೆ ಸುಮತಿ ಚಹಾದ ಕಪ್ಪು ಎತ್ತಿಕೊಳ್ಳುತ್ತ ಅಂದಳು: “ನೀವ ಹೇಳ್ರಿ. ನೀವಲ್ಲದ ಮತ್ಯಾರು ಹೇಳಬೇಕು? ನಿಮಗ ಗೊತ್ತದಲ್ಲ.”

ನಾನು ಅವಳ ಮುಖ ನೋಡಿದೆ. ನನ್ನ ಶಬ್ದಸಂಜೆಗೆ ಅವಳು ಬರುವುದನ್ನು ಬಿಟ್ಟು ಎಷ್ಟು ವರ್ಷವಾಯಿತು, ಯಾಕೆ ಬಿಟ್ಟಳು ಎಂದು ನಾನು ಕೇಳಿರಲೇ ಇಲ್ಲ. ಶಬ್ದಗಳ ಮೂಲ ಹುಡುಕುವವನಿಗೆ ಮನೆಯೊಳಗಿನ ಮೌನದ ಮೂಲ ಹುಡುಕಬೇಕೆನಿಸಿರಲಿಲ್ಲ.

ಮರುದಿನ ಸಂಭಾಜಿನಗರದ ಬಸ್ಸು ಹತ್ತಿದೆ. ನಿಫಾಡ್ ದಾಟಿದರೂ, ಯೇವಲಾ ಹಿಂದೆ ಸರಿದರೂ ಒಂದು ಆಸೆ ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು: ಸಂಬಂಧ ಮುರಿದದ್ದು ನನ್ನ ಮಾತಿನಿಂದಲ್ಲದೆ ಜಾತಕದಿಂದಲೋ ಇನ್ನಾವುದರಿಂದಲೋ ಇರಬಹುದಲ್ಲ? ಹಾಗಿದ್ದರೆ ಅರ್ಧ ಶಿಕ್ಷೆ ಮಾಫಿ. ಆದ್ದರಿಂದ ಮೊದಲು ಹೋದದ್ದು ಗುಂಡೂರಾಯರ ಮನೆಗೆ. ನನ್ನ ಪ್ರಾಯಶ್ಚಿತ್ತದಲ್ಲೂ ಇಷ್ಟು ವಕೀಲಿಕೆ ಇತ್ತು.

ಅವರು ಬಾಲ್ಕನಿಯಲ್ಲಿ ಮೊಮ್ಮಗನ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು. ಆ ಸಂಬಂಧ ಯಾಕೆ ಬಿಟ್ಟಿರೆಂದು ಕೇಳಿದೆ.

“ಜಾತಕ ಛಲೋ ಕೂಡಿತ್ತರಿ,” ಅಂದರು. “ಹುಡುಗ ಒಪ್ಪಿದ್ದ, ನಮ್ಮನಿಯಾಕಿನೂ ಒಪ್ಪಿದ್ಲು. ನೀವ ಅಂದ್ರಲ್ಲ, ವಿಚಾರ ಮಾಡಿ ನೋಡ್ರಿ ಅಂತ. ದೊಡ್ಡವರು ಹೇಳಿದ ಮ್ಯಾಲೆ ಮುಗೀತಲ್ಲರಿ.” ಆಮೇಲೆ ಬ್ರಶ್ಶು ಕೆಳಗಿಟ್ಟು, ದನಿ ಇಳಿಸಿದರು. “ಈಗರೆ ಹೇಳ್ರಿ. ಏನಿತ್ತು ಆ ಹುಡುಗಿದು?”

“ಏನೂ ಇರಲಿಲ್ಲರಿ.”

“ಏನೂ?”

“ಏನೂ.”

“ಮೊಮ್ಮಗ ಐದನೇ ಇಯತ್ತೆದಾಗ ಅದಾನ್ರಿ ಈಗ,” ಎಂದರು, ಮತ್ತೆ ಬೂಟು ಎತ್ತಿಕೊಂಡು. “ಚಹಾ ತೊಗೋತೀರೇನು?” ಆ ಚಹಾವನ್ನು ಬೇಡವೆನ್ನುವ ಸೌಜನ್ಯ ನನಗಿತ್ತು.

ಗುಲಮಂಡಿಯಲ್ಲಿ ವೈನಿಯ ಅಂಗಡಿ ಹಳೆಯದರ ಹಾಗೆಯೇ ಇದೆ. ಗೋಡೆ ತುಂಬ ಹಸಿರು. ಗಿರಾಕಿ ಇರಲಿಲ್ಲ. ಸ್ಟೂಲು ಕೊಟ್ಟರು. ನನಗೆ ಕೂಡಲಾಗಲಿಲ್ಲ. ನಿಂತೇ ಹೇಳಿದೆ — ಸಭೆಯಲ್ಲಿ ಹೇಳಿದ ಸುಳ್ಳು, ಮೂಗು ಒರೆಸಿಕೋ ಎಂದದ್ದು, ಫೋನು, ಎಲ್ಲ. ಕತ್ತರಿ ಹಿಡಿದುಕೊಂಡು ಅವರು ಕೇಳಿದರು. ಮುಗಿಸಿದಾಗ ಕತ್ತರಿಯನ್ನು ಮೇಜಿನ ಮೇಲಿಟ್ಟರು.

“ಹೊರಗ ಬರ್ರಿ,” ಅಂದರು.

“ಎಲ್ಲಿಗ್ರಿ?”

“ಹೊರಗ. ಬೆಳಕಿನ್ಯಾಗ ಬಂದು ಹೇಳ್ರಿ. ನಾ ನಿಮ್ಮ ಮುಖಾ ನೋಡಬೇಕು.”

ಮೆಟ್ಟಿಲಿಳಿದು ಬಿಸಿಲಿಗೆ ಬಂದೆವು. ಮತ್ತೊಮ್ಮೆ ಹೇಳಿದೆ. ಏನಾಯಿತೆಂದು ಪಕ್ಕದ ಚಹಾದವನು ಇಣುಕಿ ಕೇಳಿದ: “ಕಾಯ್ ಝಾಲಂ, ಕಾಕೂ?” “ಕಾಹೀ ನಾಹೀ,” ಏನಿಲ್ಲವೆಂದರು ವೈನಿ, ನನ್ನ ಮುಖದಿಂದ ಕಣ್ಣು ತೆಗೆಯದೆ.

“ಹಂಗಾದ್ರ ನನ್ನಿಂದ ಅಲ್ಲ.”

“ಅಲ್ಲರಿ.”

“ಉಪ್ಪಿಟ್ಟು ತಂದಿದ್ದಕ್ಕಲ್ಲ.”

“ಅಲ್ಲರಿ ವೈನಿ. ಉಪ್ಪಿಟ್ಟಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ನನ್ನಿಂದ.”

“ನಾ ನನ್ನ ಮಗಳ ತಾಳಿ ನೋಡ್ಲಿಲ್ಲ ರಾಯರ.”

ಅವರು ಅಳಲಿಲ್ಲ, ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಸೆರಗು ಸೊಂಟಕ್ಕೆ ಸಿಗಿಸಿಕೊಂಡರು.

“ನನಗೊಬ್ಬಾಕಿಗೆ ಹೇಳಿದ್ರ ಮುಗೀತೇನು? ಬಳಗದಾಗ ಎಲ್ಲಾರೂ ಹಂಗ ತಿಳ್ಕೊಂಡಾರ. ಗಂಗಕ್ಕಗ ಫೋನ್ ಹಚ್ಚತೀನಿ. ಹೇಳ್ರಿ. ಇಲ್ಲೇ, ನನ್ನ ಮುಂದ.”

ಗಂಗಕ್ಕನಿಗೆ ಈಗ ಕಿವಿ ಮಂದ. ನಾನು ಮೆಲ್ಲಗೆ ಶುರು ಮಾಡಿದೆ. “ಯಾರದು? ಜೋರಾಗಿ ಮಾತಾಡ್ರಿ,” ಎಂದಿತು ಆ ಕಡೆಯ ದನಿ. ಹೀಗಾಗಿ ಗುಲಮಂಡಿಯ ರಸ್ತೆಯ ಮೇಲೆ, ರಿಕ್ಷಾ ಹಾರ್ನುಗಳ ಮೇಲೆ ದನಿ ಏರಿಸಿ, ನನ್ನ ಪಾಪವನ್ನು ನಾನು ಕೂಗಿ ಹೇಳಿದೆ. ಜೀವಮಾನದಲ್ಲಿ ಅಷ್ಟು ಸ್ಪಷ್ಟವಾಗಿ ಯಾವ ಭಾಷಣವನ್ನೂ ಮಾಡಿರಲಿಲ್ಲ. ಎಲ್ಲ ಕೇಳಿಸಿಕೊಂಡು, “ಸರೋಜಾಗ ಫೋನ್ ಕೊಡ್ರಿ,” ಎಂದಳು ಗಂಗಕ್ಕ. ವೈನಿ ಫೋನನ್ನು ಕಿವಿಗಿಟ್ಟುಕೊಂಡು ದೂರ ಸರಿದರು. ಅವರಿಬ್ಬರೂ ಏನು ಮಾತಾಡಿದರೆಂದು ನನಗೆ ಗೊತ್ತಿಲ್ಲ, ಅದು ನನ್ನದಲ್ಲ.

ವಸುಧಾ ಆಫೀಸು ಮುಗಿಸಿ ಅಂಗಡಿಗೆ ಬಂದಳು. ಅವಳಿಗೂ ಹೇಳಿದೆ. ಹೆಗಲ ಚೀಲ ಇಳಿಸದೆ ಕೇಳಿದಳು.

“ನಂದ ಬಿಡ್ರಿ ಕಾಕಾ. ನಂದ ಛಲೋ ನಡದದ. ಪಣ ಅವ್ವಂದು...” ತಾಯಿಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಆಣಿ ಆ ಸಿಂಬಳದ್ದು? ಅದು ಬರೋಬರ್ ಇತ್ತಲ್ಲ?”

“ಬರೋಬರ್ ಇತ್ತವ್ವಾ. ನನ್ನ ನಿಘಂಟಿನ್ಯಾಗೂ ಹಂಗ ಇತ್ತು.”

“ಹಂ,” ಎಂದಳು. ಅವಳು ಸಿಂಬಳ ಎಂಬ ಶಬ್ದವನ್ನು ಈಗ ಕನ್ನಡದಲ್ಲೇ ಅಂದಳೆಂಬುದನ್ನು ನಾನು ಗಮನಿಸಿದೆ. ಹೊಗಳಲಿಲ್ಲ. ಅವಳಿಗೆ ಅಂಕ ಕೊಡುವ ಕೆಲಸ ನನ್ನದಲ್ಲ.

ಹೊರಡುವಾಗ ವೈನಿಯನ್ನು ಕೇಳಿದೆ: “ಪ್ರಸನ್ನನ ಲಗ್ನದಾಗ ಮಂಟಪದಾಗ ಕೂಡತೀರಲ್ಲರಿ?”

ಅವರು ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದರು, ಕೈಯಲ್ಲೊಂದು ಹಸಿರು ಪೀಸು ಹಿಡಿದು ಸಂಜೆಯ ಬೆಳಕಿಗೆ ಒಡ್ಡಿ. ಅದು ಗಿರಾಕಿಯದೋ, ತಮ್ಮದೇ ಸೀರೆಗೋ, ನಾನು ಕೇಳಲಿಲ್ಲ.

“ವಿಚಾರ ಮಾಡಿ ನೋಡ್ತೀನ್ರಿ,” ಅಂದರು.

ಈ ಮಾತಿನ ಅರ್ಥವಿವರಣೆ ನಾನು ಕೊಡುವುದಿಲ್ಲ. ಯಾವ ಶಬ್ದದ ಬಗ್ಗೆಯೂ ಇನ್ನು ಖಾತ್ರಿಯಿಲ್ಲದೆ ಮಾತಾಡಬಾರದೆಂದು ನಿಶ್ಚಯಿಸಿದ್ದೇನೆ.

ಈಗ ಉಳಿದದ್ದು ಎರಡು ಕೆಲಸ. ಬರುವ ಶಬ್ದಸಂಜೆಯಲ್ಲಿ, ಅದೇ ಹಾಲಿನಲ್ಲಿ, ಇದನ್ನೇ ನಿಂತು ಓದುತ್ತೇನೆ. ನಗುವವರು ನಗಲಿ, ಅವಲಕ್ಕಿ ಅಂದೂ ಇರುತ್ತದೆ. ಅದು ನನ್ನ ಕೊನೆಯ ಶಬ್ದಸಂಜೆ. ಹಿಂದೆ ನಾನು ಹೇಳಿದ ಇತರ ಶಬ್ದಗಳಲ್ಲೂ ಇಂಥ ಗೊಂಡೆಗಳಿವೆ. ನಿಮ್ಮ ನಿಮ್ಮ ನಿಘಂಟು ತೆಗೆದು ನೋಡಿಕೊಳ್ಳಿ, ನನ್ನನ್ನು ನಂಬಬೇಡಿ.

ಎರಡನೆಯದು. ಪ್ರಸನ್ನನಿಗೆ ಫೋನು ಮಾಡಿ, ಮದುವೆಯ ದಿನ ಉಗ್ರಾಣದ ಉಸ್ತುವಾರಿ ನನ್ನದು ಎಂದು ಹೇಳಿಬಿಟ್ಟಿದ್ದೇನೆ. ನಿಮಗ್ಯಾಕ ಕಾಕಾ, ಮುಂದಿನ ಸಾಲಿನ್ಯಾಗ ಕೂಡ್ರಿ ಎಂದ. ಇಲ್ಲವೆಂದೆ. ನಸುಕಿಗೇ ಹೋಗುತ್ತೇನೆ. ತೆಂಗಿನಕಾಯಿ, ಬೆಲ್ಲ ನೋಡಿಕೊಳ್ಳುತ್ತೇನೆ. ವಾದ್ಯ ಜೋರಾದಾಗ ಗೋಡೆಯ ಈಚೆಗೇ ಇರುತ್ತೇನೆ. ವೈನಿ ಬಂದು ಬಾಗಿಲಲ್ಲಿ ನಿಂತರೆ ಏಳುವುದಿಲ್ಲ. ಅಲ್ಲಿರುವುದು ಒಂದೇ ಸ್ಟೂಲು. ಅದರ ಮೇಲೆ ನಾನು ಕೂತಿರುತ್ತೇನೆ.